ಸಾಲಿನ ಕೊನೆಯಲ್ಲಿದ್ದ ಸುಳ್ಳು

ಸ್ಕ್ರಾಲ್ ಬರೆಯುವುದಕ್ಕೆ ಒಂದು ಕ್ರಮ ಇತ್ತು. ಟಿವಿ ಪರದೆಯ ಕೆಳಗೆ ಬಲದಿಂದ ಎಡಕ್ಕೆ ಓಡುವ ಅಕ್ಷರದ ಪಟ್ಟಿಗೆ ನಮ್ಮ ಕಸುಬಿನಲ್ಲಿ ಸ್ಕ್ರಾಲ್ ಅನ್ನುತ್ತೇವೆ. ಮೊದಲು ಊರು, ಆಮೇಲೆ ಹೆಸರು, ಆಮೇಲೆ ವಿಷಯ, ಕೊನೆಗೆ ‘ವಿನಂತಿ’. ತಿಥಿಗೂ ಇದೇ, ಕಳೆದುಹೋದ ಎಮ್ಮೆಗೂ ಇದೇ, ನಾಳೆ ಕರೆಂಟ್ ಇರುವುದಿಲ್ಲ ಎಂಬ ಪ್ರಕಟಣೆಗೂ ಇದೇ. ಗುಬ್ಬಿಯಲ್ಲಿ ನನ್ನ ಸಣ್ಣ ಕೇಬಲ್ ಚಾನೆಲ್ಲಿಗೆ ವರ್ಷಗಟ್ಟಲೆ ಈ ಸಾಲುಗಳನ್ನು ನಾನೇ ಟೈಪ್ ಮಾಡಿದ್ದೇನೆ. ಕಾಗುಣಿತ ತಪ್ಪಿರಬಹುದು, ಕ್ರಮ ತಪ್ಪಿರಲಿಲ್ಲ. ಆ ಕ್ರಮದಲ್ಲೇ ತಪ್ಪಿದೆ ಎಂದು ನನಗೆ ಗೊತ್ತಾಗುವುದಕ್ಕೆ ಒಬ್ಬ ಹೆಂಗಸಿನ ಅನ್ನಕ್ಕೆ ಕುತ್ತು ಬರಬೇಕಾಯಿತು.

ಆಕೆ ತಟ್ಟೆ ಇಡ್ಲಿ ಹೋಟೆಲು ನಡೆಸುತ್ತಿದ್ದರು. ನನಗಿಂತ ಹತ್ತು ವರ್ಷ ದೊಡ್ಡವರು, ಊರಿಗೆಲ್ಲ ಅಕ್ಕ. ಓರಗಿತ್ತಿಯ ಜೊತೆ ಸೇರಿ ಬೆಳಗಿನ ವ್ಯಾಪಾರ ಮುಗಿಸಿ, ತಟ್ಟೆಗೆ ಹಾಸುವ ಬಟ್ಟೆಗಳನ್ನು ಒಗೆದು ಹೋಟೆಲಿನ ಮುಂದೆಯೇ ತಂತಿಯ ಮೇಲೆ ಒಣಹಾಕುತ್ತಿದ್ದರು. ಬೀದಿಯಲ್ಲಿ ಓಡಾಡುವವರಿಗೆಲ್ಲ ಆ ಬಿಳಿ ಚೌಕಗಳು ಕಾಣುತ್ತಿದ್ದವು. ಕೌಂಟರ್ ವ್ಯಾಪಾರಕ್ಕಿಂತ ಮುಖ್ಯವಾದದ್ದು ತುಮಕೂರು ಪಕ್ಕದ ಅಂತರಸನಹಳ್ಳಿಯ ಒಂದು ಕಾರ್ಖಾನೆ ಕ್ಯಾಂಟೀನಿನ ಆರ್ಡರು. ದಿನಾ ಮೊದಲ ಬಸ್ಸಿಗೆ ಸ್ಟೀಲ್ ಡಬ್ಬಗಳಲ್ಲಿ ಇಡ್ಲಿ ಹೋಗುತ್ತಿತ್ತು. ಆ ಆರ್ಡರ್ ಇದ್ದರೆ ಹೋಟೆಲ್ ಉಂಟು, ಇಲ್ಲದಿದ್ದರೆ ಇಲ್ಲ.

ಒಂದು ದಿನ ಮಧ್ಯಾಹ್ನ ಅಕ್ಕ ಫೋನು ಹಿಡಿದುಕೊಂಡು ನನ್ನ ಆಫೀಸಿನ ಮೆಟ್ಟಿಲು ಹತ್ತಿ ಬಂದರು. ಯಾವುದೋ ಅಡುಗೆಮನೆಯ ವಿಡಿಯೋ. ಇಡ್ಲಿ ಅಚ್ಚಿನ ಮೇಲೆ ತೆಳು ಪ್ಲಾಸ್ಟಿಕ್ ಹಾಳೆ ಹಾಸಿ ಹಿಟ್ಟು ಹುಯ್ಯುತ್ತಿದ್ದಾರೆ. ವಿಡಿಯೋ ಮೇಲೆ ಯಾರೋ ಕನ್ನಡದಲ್ಲಿ ಅಕ್ಕನ ಹೋಟೆಲಿನ ಹೆಸರು ಅಂಟಿಸಿದ್ದಾರೆ. ನಾನು ಎರಡು ಸಲ ನೋಡಿದೆ. ವಿಡಿಯೋದಲ್ಲಿದ್ದದ್ದು ಗುಂಡಿ ಗುಂಡಿಯಾಗಿರುವ ಸಾಮಾನ್ಯ ಇಡ್ಲಿ ಸ್ಟ್ಯಾಂಡು, ತಟ್ಟೆ ಇಡ್ಲಿಯದ್ದೇ ಅಲ್ಲ. ನಮ್ಮ ಜಿಲ್ಲೆಯವರಿಗೆ ಇದು ಹೇಳಿಕೊಡಬೇಕಾದ ವಿಷಯವಲ್ಲ. ಆದರೆ ಫೋನಿನಲ್ಲಿ ಬಂದದ್ದನ್ನು ಯಾರೂ ನೋಡುವುದಿಲ್ಲ, ಮೇಲೆ ಬರೆದದ್ದನ್ನು ಓದುತ್ತಾರೆ ಅಷ್ಟೇ. ನಿಮಗೂ ಹೇಳುತ್ತೇನೆ, ವಿಡಿಯೋ ಬಂದರೆ ಮೊದಲು ಅಕ್ಷರದ ಮೇಲೆ ಹೆಬ್ಬೆರಳಿಟ್ಟು ಮುಚ್ಚಿ, ಆಮೇಲೆ ಚಿತ್ರ ನೋಡಿ.

ಆಹಾರ ಸುರಕ್ಷತೆಯ ಅಧಿಕಾರಿ ಆಗಲೇ ಬಂದು ತಪಾಸಣೆ ಮಾಡಿ, ಬಟ್ಟೆ ಬಿಟ್ಟು ಬೇರೇನೂ ಸಿಗಲಿಲ್ಲ ಎಂದು ಬರೆದುಕೊಟ್ಟು ಹೋಗಿದ್ದರು. ಅಕ್ಕನಿಗೆ ಬೇಕಾಗಿದ್ದದ್ದು ಟಿವಿಯಲ್ಲಿ ಒಂದು ದಿನದ ಮಟ್ಟಿಗೆ, ‘ಇಡ್ಲಿ ವಿಡಿಯೋ ನಮ್ಮೂರಿನದಲ್ಲ’ ಎಂಬ ಒಂದು ಮಾತು.

“ನನ್ ಹೋಟ್ಲ್ ಹೆಸ್ರು ಬ್ಯಾಡ ಕಣಪ್ಪ,” ಅಂದರು.

ನಾನು ಸುಮ್ಮನಿರಬೇಕಿತ್ತು. ಆದರೆ ಬಂದ ಗಿರಾಕಿಯನ್ನು ಬಂದಷ್ಟಕ್ಕೇ ಕಳಿಸುವ ಅಭ್ಯಾಸ ನನಗಿಲ್ಲ. ಆ ಹೊತ್ತಿಗೆ ನಮ್ಮ ವ್ಯಾಪಾರ ಸೊರಗಿತ್ತು. ಜನ ಸೆಟ್ ಟಾಪ್ ಬಾಕ್ಸ್ ತಂದು ಮೇಜಿನ ಮೇಲಿಟ್ಟು, ಮಕ್ಕಳು ಫೋನಿನಲ್ಲೇ ನೋಡುತ್ತಾರೆ, ಬೇಡ ಅನ್ನುತ್ತಿದ್ದರು. ಉಳಿದಿದ್ದ ಆದಾಯ ಸ್ಕ್ರಾಲಿನದ್ದು. ಹೆಸರಿಲ್ಲದೆ ಹೇಳಿದರೆ ಯಾರಿಗೂ ಹೇಳಿದ ಹಾಗಾಗುವುದಿಲ್ಲ, ಒಂದು ದಿನ ಹಾಕಿದರೆ ನಾಲ್ಕು ಜನ ನೋಡುತ್ತಾರೆ, ಒಂದು ವಾರ ಹಾಕೋಣ, ದರದಲ್ಲಿ ಇಳಿಸಿಕೊಡುತ್ತೇನೆ ಎಂದು ಕೂರಿಸಿ ಬಿಡಿಸಿ ಹೇಳಿದೆ. ಚೌಕಾಸಿಯಲ್ಲಿ ನಾನು ಸೋತದ್ದು ಕಡಿಮೆ. ಅಕ್ಕ ಒಪ್ಪಿದರು.

ಅವರೆದುರೇ ಟೈಪ್ ಮಾಡಿದೆ. ಹೋಟೆಲಿನ ಹೆಸರಿದ್ದ ಜಾಗವನ್ನು ಇಲ್ಲಿ ಖಾಲಿ ಬಿಡುತ್ತೇನೆ:

‘ಗುಬ್ಬಿ ಬಸ್ ನಿಲ್ದಾಣದ ಹತ್ತಿರದ ...... ಹೋಟೆಲಿನಲ್ಲಿ ತಟ್ಟೆ ಇಡ್ಲಿ ಬೇಯಿಸಲು ಪ್ಲಾಸ್ಟಿಕ್ ಹಾಳೆ ಬಳಸಲಾಗುತ್ತಿದೆ ಎಂದು ಮೊಬೈಲ್‌ಗಳಲ್ಲಿ ಹರಿದಾಡುತ್ತಿರುವ ವಿಡಿಯೋ ಸುಳ್ಳು, ಗ್ರಾಹಕರು ನಂಬಬಾರದಾಗಿ ವಿನಂತಿ.’

ಅಕ್ಕನಿಗೆ ನಿಂತ ಅಕ್ಷರ ನಿಧಾನಕ್ಕೆ ಓದಲು ಬರುತ್ತದೆ, ಓಡುವ ಅಕ್ಷರ ಬರುವುದಿಲ್ಲ. “ಅದೇನ್ ಬರ್ದಿದ್ಯಾ, ಒಂದ್ ಕಿತ ಓದಪ್ಪ” ಅಂದರು. ಓದಿದೆ. ಬಾಯಲ್ಲಿ ಓದಿದಾಗ ಸಾಲು ಇಡಿಯಾಗಿ ಕಿವಿಗೆ ಬೀಳುತ್ತದಲ್ಲ, ಅದರಲ್ಲಿ ಯಾವ ಲೋಪವೂ ಇರಲಿಲ್ಲ. ಸರಿಯಾಗೈತೆ ಬುಡು ಎಂದು ಹೇಳಿ ಹೋದರು.

ಇನ್ನೊಂದು ಸಂಗತಿ ಹೇಳಬೇಕು. ವಯಸ್ಸಾದವರು ಕೇಳಿಕೊಂಡರೆಂದು ಅದಕ್ಕೆ ಸ್ವಲ್ಪ ಹಿಂದೆ ನಾನು ಸ್ಕ್ರಾಲಿನ ಓಟ ನಿಧಾನ ಮಾಡಿದ್ದೆ, ಅಕ್ಷರವನ್ನೂ ದಪ್ಪ ಮಾಡಿದ್ದೆ. ತಿಥಿ ಯಾವತ್ತು ಅಂತ ಓದುವುದರೊಳಗೆ ಓಡಿಹೋಗುತ್ತೆ ಎನ್ನುವುದು ಅವರ ದೂರು. ದಪ್ಪ ಮಾಡಿದ ಮೇಲೆ ಪರದೆಯ ಅಗಲಕ್ಕೆ ಏಳೆಂಟು ಪದ ಹಿಡಿಯುತ್ತಿತ್ತು, ಅವು ದಾಟುವುದಕ್ಕೆ ಹೊತ್ತೂ ಹಿಡಿಯುತ್ತಿತ್ತು.

ಮೂರನೆಯ ದಿನ ಬೆಳಿಗ್ಗೆ ಒಬ್ಬ ಆಟೋ ಡ್ರೈವರು ಸ್ಟ್ಯಾಂಡಿನ ಪಕ್ಕದ ಟೀ ಅಂಗಡಿಯಲ್ಲಿ ನಿಂತಿದ್ದ. ಅಲ್ಲಿನ ಟಿವಿಗೆ ಸೌಂಡ್ ಇರುವುದಿಲ್ಲ. ಪರದೆಯ ಕೆಳಗೆ ಹೋಟೆಲಿನ ಹೆಸರಿನಿಂದ ‘ಬಳಸಲಾಗುತ್ತಿದೆ’ವರೆಗೆ ಮಾತ್ರ ಇದ್ದ ಗಳಿಗೆಯಲ್ಲಿ ಅವನು ಫೋಟೋ ತೆಗೆದ. ಹೋಟೆಲಿನ ಹೆಸರೂ ಎಡಗಡೆ ಇನ್ನೂ ದಾಟಿರಲಿಲ್ಲ. ಮೂಲೆಯಲ್ಲಿ ನನ್ನ ಚಾನೆಲ್ಲಿನ ಗುರುತು ಸ್ಪಷ್ಟವಾಗಿತ್ತು. ಅವನು ಅದನ್ನು ಆಟೋದವರ ಗ್ರೂಪಿಗೆ ಹಾಕಿದ. ಅವನ ಮೇಲೆ ನನಗೆ ಕೋಪವಿಲ್ಲ. ಕಂಡದ್ದನ್ನು ತೆಗೆದ. ‘ಸುಳ್ಳು’ ಅನ್ನುವ ಪದ ಆಗ ಇನ್ನೂ ಪರದೆಯ ಬಲಗಡೆ, ಗಾಜಿನಾಚೆ ಎಲ್ಲೋ ಇತ್ತು.

ನಮ್ಮ ಭಾಷೆ ಹಾಗೆ. ಹೌದೋ ಅಲ್ಲವೋ ಅನ್ನುವುದನ್ನು ಕೊನೆಗೆ ಹೇಳುತ್ತೇವೆ. ಎದುರು ಕೂತು ಮಾತಾಡುವಾಗ ಕೊನೆಯವರೆಗೂ ಕಾಯುವ ಮನುಷ್ಯ ಎದುರಿಗಿರುತ್ತಾನೆ. ಟೀ ಅಂಗಡಿಯ ಟಿವಿಯ ಮುಂದೆ ಯಾರು ಕಾಯುತ್ತಾರೆ?

ಮೊದಲ ವಿಡಿಯೋ ಬಂದಾಗ ಕ್ಯಾಂಟೀನ್ ಕಂಟ್ರಾಕ್ಟರು ಆರ್ಡರ್ ನಿಲ್ಲಿಸಿರಲಿಲ್ಲ. ವಾಟ್ಸಾಪಿನ ಮಾತು ನಂಬೋಕಾಗುತ್ತಾ ಅಂದಿದ್ದರಂತೆ. ಫೋಟೋ ತಲುಪಿದ ಮಾರನೆ ದಿನ ಡಬ್ಬಗಳು ತುಂಬಿದಂತೆಯೇ ವಾಪಸ್ಸು ಬಂದವು. ಟಿವಿಯಲ್ಲೇ ಬಂದ ಮೇಲೆ ನಾನೇನು ಮಾಡಲಿ ಎಂದರಂತೆ.

ಅಕ್ಕ ಮತ್ತೆ ಮೆಟ್ಟಿಲು ಹತ್ತಿದರು. ಈ ಸಲ ಕೂರಲಿಲ್ಲ.

“ನೀನ್ ಓದಿದ್ದು ಒಂದು, ಹಾಕಿದ್ದು ಒಂದಾ?”

“ಅಕ್ಕ, ಅದೇ ಸಾಲು. ಕೊನೇಲಿ ಸುಳ್ಳು ಅಂತ ಐತೆ, ಬಾ ತೋರಿಸ್ತೀನಿ.”

“ಇದ್ರಲ್ಲಿ ಎಲ್ಲೈತೆ ತೋರ್ಸು.” ಫೋನನ್ನು ನನ್ನ ಮುಖದ ಹತ್ತಿರ ಹಿಡಿದರು. “ಓದು. ಅವತ್ ಓದಿದಂಗೆ ಇವತ್ತೂ ಓದು.”

ಸ್ಕ್ರಾಲನ್ನು ಆಗಲೇ ನಿಲ್ಲಿಸಿ, ‘ನಮ್ಮ ವಾಹಿನಿಯಲ್ಲಿ ಪ್ರಸಾರವಾದ ಸಾಲನ್ನು ತಪ್ಪಾಗಿ ಅರ್ಥೈಸಲಾಗಿದೆ’ ಎಂದು ಇನ್ನೊಂದು ಹಾಕಿದೆ. ಅದು ಇನ್ನೂ ಕೆಟ್ಟದ್ದಾಯಿತು. ಮೊದಲಿನದನ್ನು ನೋಡದವರೂ ಯಾವ ಸಾಲು, ಏನು ಕಥೆ ಎಂದು ಕೇಳಿ ಫೋಟೋ ತರಿಸಿಕೊಂಡರು. ಸಂಜೆಗೆ ಅದನ್ನೂ ತೆಗೆದೆ. ಸುಳ್ಳನ್ನು ಅಲ್ಲಗಳೆಯುವವನು ಆ ಸುಳ್ಳನ್ನು ಮತ್ತೊಮ್ಮೆ ಹೇಳಲೇಬಾರದು ಎನ್ನುವುದನ್ನು ನಾನು ಕಲಿತದ್ದು ಹೀಗೆ. ಅಕ್ಕ ಮೊದಲ ದಿನವೇ ಅದನ್ನು ಹೇಳಿದ್ದರು, ಕೇಳಿಸಿಕೊಳ್ಳುವಷ್ಟು ಬಿಡುವು ನನಗಿರಲಿಲ್ಲ.

ಅಕ್ಕ ತಾಲ್ಲೂಕು ಕಚೇರಿಯ ಮುಂದೆ ಅರ್ಜಿ ಬರೆಯುವವರಿಂದ ಎರಡು ದೂರು ಬರೆಸಿದರು. ಒಂದು ಪೊಲೀಸರಿಗೆ, ಫೋಟೋ ಹರಡಿದವರ ಮೇಲೆ. ಇನ್ನೊಂದು ತುಮಕೂರಿನ ಜಿಲ್ಲಾಧಿಕಾರಿ ಕಚೇರಿಗೆ, ನನ್ನ ಮೇಲೆ. ಕೇಬಲ್ ಚಾನೆಲ್ಲುಗಳ ಮೇಲಿನ ದೂರು ನೋಡಲು ಜಿಲ್ಲೆಯಲ್ಲಿ ಒಂದು ಸಮಿತಿ ಇರುತ್ತದೆ. ವಾರದೊಳಗೆ ಪೊಲೀಸರು ಆಟೋ ಡ್ರೈವರನ್ನು ಹುಡುಕಿ ಅವನ ಫೋನು ತೆಗೆದಿಟ್ಟುಕೊಂಡರು. ನನಗೆ ಸಮಿತಿಯಿಂದ ನೋಟಿಸು ಬಂತು. ಕೇಳಿದ್ದು ಎರಡೇ: ಚಾನೆಲ್ಲಿನ ನೋಂದಣಿ ಪತ್ರ, ಆ ದಿನದ ರೆಕಾರ್ಡಿಂಗ್.

ಎರಡೂ ನೆಟ್ಟಗಿರಲಿಲ್ಲ. ಹಿಂದೆ ನಮ್ಮ ನೋಂದಣಿ ನಡೆಯುತ್ತಿದ್ದದ್ದು ಅಂಚೆ ಕಚೇರಿಯಲ್ಲಿ. ವರ್ಷಕ್ಕೊಮ್ಮೆ ಫಾರ್ಮು ತುಂಬಿ ಶುಲ್ಕ ಕಟ್ಟಿದರೆ ಮುಗಿಯಿತು. ಈಗ ಅದೆಲ್ಲ ಪೋರ್ಟಲ್ಲಿಗೆ ಹೋಗಿದೆ. ಮನೆಮನೆಗೆ ತಂತಿ ಎಳೆಯುವುದಕ್ಕೆ ನನ್ನ ಹತ್ತಿರ ಪತ್ರ ಇತ್ತು. ಸ್ವಂತ ಚಾನೆಲ್ ನಡೆಸುವುದಕ್ಕೆ ಇರಲಿಲ್ಲ. ಅದು ನನಗೆ ಸಿಗ್ನಲ್ ಕೊಡುವ ದೊಡ್ಡ ಕಂಪನಿಯ ಹೆಸರಿನಲ್ಲಿ ಆಗಬೇಕಿತ್ತು. ಅವರ ಮ್ಯಾನೇಜರು ತುಮಕೂರಿನಲ್ಲಿದ್ದರು. ನೋಡೋಣ, ನಡೀಲಿ ಎಂಬ ಬಾಯಿಮಾತಿನ ಮೇಲೆ ವರ್ಷಗಳು ಕಳೆದಿದ್ದವು. ಬಾಯಿಮಾತಿನ ವ್ಯವಹಾರದಲ್ಲಿ ನಾನು ಪಳಗಿದವನು ಅಂದುಕೊಂಡಿದ್ದೆ. ಯಾರಿಗೇ ಆಗಲಿ, ಕಾಗದ ಮಾಡಿಸಿಕೊಳ್ಳಿ ಎಂದು ಈಗ ಹೇಳುತ್ತೇನೆ.

ರೆಕಾರ್ಡಿಂಗ್ ವಿಷಯ ವಿಚಿತ್ರವಾಗಿತ್ತು. ನಿಯಮದ ಪ್ರಕಾರ ತೊಂಬತ್ತು ದಿನದ್ದು ಇಟ್ಟಿರಬೇಕು, ಇಟ್ಟಿದ್ದೆ. ಹಾರ್ಡ್ ಡಿಸ್ಕ್ ಹಾಕಿ ಆ ಬೆಳಗಿನದನ್ನು ತೆಗೆದು ನೋಡಿದೆ. ಭಜನೆ ಇತ್ತು, ಕೃಷಿ ಕಾರ್ಯಕ್ರಮ ಇತ್ತು. ಕೆಳಗೆ ಸ್ಕ್ರಾಲೇ ಇರಲಿಲ್ಲ. ಮೂರು ಸಲ ನೋಡಿದ ಮೇಲೆ ಹೊಳೆಯಿತು. ಕಾರ್ಯಕ್ರಮ ಓಡಿಸುವ ಕಂಪ್ಯೂಟರಿನಲ್ಲೇ ರೆಕಾರ್ಡಿಂಗೂ ಆಗುತ್ತದೆ. ಸ್ಕ್ರಾಲ್ ಸೇರಿಕೊಳ್ಳುವುದು ಅದರ ಮುಂದಿನ ಯಂತ್ರದಲ್ಲಿ, ಸಿಗ್ನಲ್ ತಂತಿಗೆ ಹೋಗುವ ಮುಂಚೆ. ಇಷ್ಟು ವರ್ಷ ನಾನು ರೆಕಾರ್ಡ್ ಮಾಡಿದ್ದರಲ್ಲಿ ಒಂದು ತಿಥಿಯಾಗಲಿ ಒಂದು ಎಮ್ಮೆಯಾಗಲಿ ಇರಲಿಲ್ಲ. ಸಾಲು ಪೂರ್ತಿ ಹೋಗಿತ್ತು ಎಂದು ತೋರಿಸಲು ನನ್ನ ಹತ್ತಿರ ಏನೂ ಇರಲಿಲ್ಲ.

ಅದನ್ನೇ ಮ್ಯಾನೇಜರಿಗೆ ಫೋನಿನಲ್ಲಿ ಹೇಳಿಕೊಂಡೆ. ಅವರು ಮಾರನೆ ದಿನ ತುಮಕೂರಿನ ಸತ್ಯಮಂಗಲದ ಹತ್ತಿರದ ತಮ್ಮ ಕಂಟ್ರೋಲ್ ರೂಮಿಗೆ ಕರೆದು ಕಾಫಿ ತರಿಸಿದರು.

“ಏನೂ ಇಲ್ಲ ಅಂತ ಅಳ್ತಿದ್ದೀರಲ್ಲ, ಅದೇ ಸಾರ್ ನಿಮ್ ಲಕ್ಕು,” ಅಂದರು. “ರೆಕಾರ್ಡಿಂಗ್ ಕೊಟ್ಬಿಡಿ. ಇದರಲ್ಲಿ ಸ್ಕ್ರಾಲ್ ಎಲ್ಲಿದೆ ಅಂತ ನೀವೇ ಕೇಳಿ. ಫೋಟೋ ಎಡಿಟ್ ಮಾಡಿದ್ದು. ಮುಗೀತು.”

“ಆಟೋದವನು?”

“ಅವನ ಫೋನು, ಅವನ ಫೋಟೋ. ಅವನು ನೋಡ್ಕೋತಾನೆ.”

ಸುಳ್ಳು ಹೇಳುವುದಿಲ್ಲ, ಆ ಮಾತು ನನ್ನನ್ನು ಹಿಡಿದಿಟ್ಟಿತು. ಲೆಕ್ಕ ಹಾಕಿದರೆ ಎಲ್ಲ ಕೂಡುತ್ತಿತ್ತು. ನನ್ನ ಚಾನೆಲ್ ಉಳಿಯುತ್ತದೆ. ಟಿವಿಯಲ್ಲಿ ಅಂಥದ್ದು ಬಂದೇ ಇಲ್ಲ ಎಂದಾದರೆ ಅಕ್ಕನಿಗೂ ಒಳ್ಳೆಯದೇ, ಕಂಟ್ರಾಕ್ಟರು ಒಪ್ಪಬಹುದು. ಕಳೆದುಕೊಳ್ಳುವವನು ಒಬ್ಬನೇ. ಬಸ್ಸಿನಲ್ಲಿ ಗುಬ್ಬಿಗೆ ಬರುವಷ್ಟರಲ್ಲಿ ನಾನು ಹೆಚ್ಚುಕಡಿಮೆ ಒಪ್ಪಿದ್ದೆ.

ಆಟೋ ಸ್ಟ್ಯಾಂಡಿನಲ್ಲಿ ಅವನೇ ಸಿಕ್ಕಿದ. ಫೋನಿಲ್ಲದೆ ಬಾಡಿಗೆ ಬರುತ್ತಿಲ್ಲ ಎಂದು ಹೇಳಿಕೊಂಡ. ಕರೆದು ಬೈಯುತ್ತೇನೆ ಅಂದುಕೊಂಡಿದ್ದನೋ ಏನೋ, ತಾನೇ ಮೊದಲು ಶುರುಮಾಡಿದ.

“ಅಣ್ಣ, ನಾನೂ ಅಲ್ಲೇ ದಿನಾ ಇಡ್ಲಿ ತಿನ್ನೋನು. ಓದಿದ್ಮೇಲೆ ಎಲ್ರಿಗೂ ಗೊತ್ತಾಗ್ಲಿ ಅಂತ ಹಾಕ್ದೆ. ನಿಮ್ ಟಿವಿಲಿ ಬಂದಿದ್ದು ಸುಳ್ ಇರಲ್ಲ ಅಂತ.”

ಇಷ್ಟು ವರ್ಷದಲ್ಲಿ ನನ್ನ ಚಾನೆಲ್ಲನ್ನು ಯಾರಾದರೂ ಹೊಗಳಿದ್ದರೆ ಅದು ಅದೊಂದೇ ಸಲ.

ಸಮಿತಿಯ ಮುಂದೆ ಹೋದ ದಿನ ಲ್ಯಾಪ್‌ಟಾಪಿನಲ್ಲಿ ಸ್ಕ್ರಾಲ್ ಸಾಫ್ಟ್‌ವೇರ್ ಹಾಕಿಕೊಂಡು ಹೋದೆ. ರೆಕಾರ್ಡಿಂಗನ್ನೂ ಕೊಟ್ಟೆ, ಅದರಲ್ಲಿ ಸ್ಕ್ರಾಲ್ ಯಾಕಿಲ್ಲ ಎನ್ನುವುದನ್ನೂ ಹೇಳಿದೆ. ಫೋಟೋ ನಿಜವಾದದ್ದು, ಯಾರೂ ತಿದ್ದಿಲ್ಲ, ಸಾಲು ನನ್ನದು ಎಂದು ಹೇಳಿದೆ. ಕಂಪನಿಯ ಪರವಾಗಿ ಬಂದು ಪಕ್ಕದಲ್ಲಿ ಕೂತಿದ್ದ ಮ್ಯಾನೇಜರು ನನ್ನ ಕಡೆ ನೋಡಲೇ ಇಲ್ಲ. ಸಭೆ ನಡೆಸುತ್ತಿದ್ದ ಮಹಿಳಾ ಅಧಿಕಾರಿಯ ಮುಂದೆ ಅದೇ ವೇಗ, ಅದೇ ಅಕ್ಷರದಲ್ಲಿ ಸಾಲನ್ನು ಓಡಿಸಿ, ‘ಬಳಸಲಾಗುತ್ತಿದೆ’ ಬಂದ ಕೂಡಲೇ ನಿಲ್ಲಿಸಿ ತೋರಿಸಿದೆ. ಅವರು ಪರದೆಯಿಂದ ತಲೆಯೆತ್ತಿ ಕೇಳಿದರು.

“ಬರೆದು ಹಾಕೋ ಮುಂಚೆ ಒಂದ್ಸಲ ಓಡಿಸಿ ನೋಡಿದ್ರೇನ್ರೀ?”

“ಇಲ್ಲ ಮೇಡಂ. ಓದಿ ನೋಡಿದ್ದೆ.”

ಆಟೋದವನಿಗೆ ಫೋನು ವಾಪಸ್ಸು ಸಿಕ್ಕಿತು. ನೋಂದಣಿ ಆಗುವವರೆಗೆ ಚಾನೆಲ್ ನಿಲ್ಲಿಸಬೇಕೆಂದು ಆದೇಶವಾಯಿತು. ನೋಂದಣಿ ಮಾಡಿಸಬೇಕಾದ ಕಂಪನಿ ನನ್ನ ಚಾನೆಲ್ ಬರುತ್ತಿದ್ದ ಜಾಗವನ್ನು ಬೇರೆಯವರಿಗೆ ಕೊಟ್ಟಿತು. ನಾನು ಕರೆ ಮಾಡಿದರೆ ಮ್ಯಾನೇಜರು ಮೀಟಿಂಗಿನಲ್ಲಿರುತ್ತಿದ್ದರು. ಅದನ್ನು ನಾನು ಲೆಕ್ಕಕ್ಕೆ ತೆಗೆದುಕೊಂಡೇ ಹೋಗಿದ್ದೆ.

ಲೆಕ್ಕಕ್ಕೆ ಸಿಗದೇ ಹೋದದ್ದು ಬೇರೆ. ಆದೇಶದಲ್ಲಿ ಅಕ್ಕನ ಪರವಾಗಿ ಸ್ಪಷ್ಟವಾಗಿ ಬರೆದಿದ್ದರು. ಹೋಟೆಲಿನಲ್ಲಿ ಬಟ್ಟೆಯನ್ನೇ ಬಳಸುತ್ತಾರೆ, ತಪಾಸಣೆಯಲ್ಲಿ ದೃಢಪಟ್ಟಿದೆ ಎಂದು. ಅದು ಎರಡನೇ ಪುಟದ ಕೊನೆಯ ಪ್ಯಾರಾ. ನಾನೇ ಪ್ರತಿ ಮಾಡಿಸಿ, ಲ್ಯಾಮಿನೇಷನ್ ಮಾಡಿಸಿ, ಕ್ಯಾಂಟೀನಿಗೆ ತೆಗೆದುಕೊಂಡು ಹೋಗೋಣ ಬಾ ಅಕ್ಕ, ಸೀಲ್ ಹಾಕಿದ ಸರ್ಕಾರಿ ಕಾಗದ ಎಂದು ಕರೆದುಕೊಂಡು ಹೋದೆ. ಅಂತರಸನಹಳ್ಳಿಯಲ್ಲಿ ಬಸ್ಸಿಳಿದು ನಡೆಯುವಾಗ ಅಕ್ಕ ಅಷ್ಟು ದಿನಗಳಲ್ಲಿ ಮೊದಲ ಸಲ ನನ್ನ ಜೊತೆ ನಾಲ್ಕು ಮಾತಾಡಿದರು. ಆರ್ಡರ್ ಮತ್ತೆ ಶುರುವಾದರೆ ಡಬ್ಬ ಬದಲಾಯಿಸಬೇಕು, ಮುಚ್ಚಳ ಸಡಿಲವಾಗಿದೆ ಅಂದರು.

ಕಂಟ್ರಾಕ್ಟರು ಕಾಗದ ಕೈಗೆ ತೆಗೆದುಕೊಂಡರು. ಸರ್ಕಾರಿ ಪತ್ರದಲ್ಲಿ ಮೇಲೆ ದಪ್ಪಕ್ಷರದಲ್ಲಿ ‘ವಿಷಯ’ ಅಂತ ಇರುತ್ತದಲ್ಲ. ಅಲ್ಲಿ ಹೀಗಿತ್ತು: ‘ಗುಬ್ಬಿ ಪಟ್ಟಣದ ...... ಹೋಟೆಲಿನಲ್ಲಿ ಇಡ್ಲಿ ತಯಾರಿಕೆಗೆ ಪ್ಲಾಸ್ಟಿಕ್ ಬಳಕೆ ಪ್ರಸಾರದ ಕುರಿತು.’

ಅವರು ಅಷ್ಟು ಓದಿದರು. ಕೆಳಗೆ ಓದಿ ಸಾರ್, ಎರಡನೇ ಪುಟ ನೋಡಿ ಎಂದು ನಾನು ಬೆರಳಿಟ್ಟು ತೋರಿಸಿದೆ. ಅವರು ಒರಟು ಮನುಷ್ಯರಲ್ಲ. ಕಾಗದವನ್ನು ಅಕ್ಕನ ಕೈಗೇ ಕೊಟ್ಟರು.

“ಅಮ್ಮ, ನಾನು ನಂಬ್ತೀನಿ. ಲೇಬರ್ ನಂಬಬೇಕಲ್ಲ. ಡಿಸಿ ಆಫೀಸ್ವರೆಗೂ ಹೋಗೈತೆ ಅಂದ್ರೆ ಏನೋ ಇರಬೇಕು ಅಂತಾರೆ.”

ಬರುವಾಗ ಬಸ್ಸಿನಲ್ಲಿ ಅಕ್ಕ ಆ ಕಾಗದವನ್ನು ಸೀಟಿನ ಮೇಲೆಯೇ ಬಿಟ್ಟು ಇಳಿದರು. ನಾನು ಎತ್ತಿಕೊಂಡೆ. ಅದು ಇನ್ನೂ ನನ್ನ ಹತ್ತಿರವೇ ಇದೆ.

ಎರಡು ತಿಂಗಳಲ್ಲಿ ಹೋಟೆಲು ಮುಚ್ಚಿತು. ತಂತಿ ಮಾತ್ರ ಬಹಳ ದಿನ ಹಾಗೇ ಇತ್ತು.

ನನಗೆ ಕೆಲಸವಿರಲಿಲ್ಲ, ಹೇಳುವುದಕ್ಕೆ ವಿಷಯವಿತ್ತು. ಮಹಿಳಾ ಸಂಘಗಳ ಸಭೆಗಳಿಗೆ ಹೋಗಿ ಫೋನಿನಲ್ಲಿ ಬಂದದ್ದನ್ನು ಹೇಗೆ ನೋಡಬೇಕು ಎಂದು ಹೇಳಿಕೊಡಲು ಶುರುಮಾಡಿದೆ. ಜೊತೆಗೆ ಒಂದು ರಟ್ಟಿನ ಚೌಕಟ್ಟು, ಅದರ ಸೀಳಿನಲ್ಲಿ ಎಳೆಯುವ ಉದ್ದನೆಯ ಬಟ್ಟೆಪಟ್ಟಿ. ಪಟ್ಟಿಯ ಮೇಲೆ ಒಂದು ಸಾಲು. ನಿಧಾನಕ್ಕೆ ಎಳೆದು ನಡುವೆ ನಿಲ್ಲಿಸಿ, ಏನು ಕಾಣುತ್ತಿದೆ ಓದಿ ಎನ್ನುತ್ತೇನೆ. ಓದುತ್ತಾರೆ. ಆಮೇಲೆ ಪೂರ್ತಿ ಎಳೆಯುತ್ತೇನೆ. ನಗುತ್ತಾರೆ.

ಕುಣಿಗಲ್ ಕಡೆಯ ಒಂದು ಊರಿನಲ್ಲಿ, ಊರಿನ ಹೆಸರು ಬರೆಯುವುದಿಲ್ಲ, ಸಭೆ ಮುಗಿದ ಮೇಲೆ ಸಂಘದ ಒಬ್ಬ ಹೆಂಗಸು ಫೋನು ತಂದು ತೋರಿಸಿದಳು. ನಮ್ ಗ್ರೂಪಿಗೆ ಮೊನ್ನೆ ಬಂತು, ನಿಜಾನಾ ಸಾರ್ ಎಂದು ಕೇಳಿದಳು. ಅದೇ ಫೋಟೋ. ಮೂಲೆಯಲ್ಲಿ ನನ್ನ ಚಾನೆಲ್ಲಿನ ಗುರುತು. ಚಾನೆಲ್ ನಿಂತು ಅದೆಷ್ಟೋ ದಿನವಾಗಿತ್ತು, ಅದು ಮಾತ್ರ ಇನ್ನೂ ಓಡಾಡುತ್ತಿತ್ತು.

ಸುಳ್ಳಮ್ಮ ಅಂದೆ. ಈಗ ನಾನು ಆ ಪದವನ್ನು ಮೊದಲೇ ಹೇಳುತ್ತೇನೆ. ಸಾಲಿನ ಬಾಲ ಕತ್ತರಿಸಿಹೋಗಿದೆ ಎಂದು ವಿವರಿಸಿದೆ. ಆಕೆ ತಲೆಯಾಡಿಸಿದಳು.

“ಇದ್ದರೂ ಇರಬೌದು ಸಾರ್. ಒಂದ್ ಕಿತ ಓದಿದ್ಮೇಲೆ ಬಾಯಿಗ್ ಹೋಗಲ್ಲ. ಅದ್ಕೇ ನಾವು ಹೋಟ್ಲಿಂದೇ ತರಲ್ಲ. ಇಲ್ಲೇ ಹಿಂದಿನ ಬೀದೀಲಿ ಒಬ್ರು ಅಕ್ಕ ಮನೇಲಿ ಮಾಡ್ಕೊಡ್ತಾರೆ. ಬಟ್ಟೆ ಮೇಲೇ ಬೇಯ್ಸೋದು, ಕಣ್ಣಾರೆ ನೋಡಿದೀವಿ.”

ಹಿಂದಿನ ಬೀದಿಗೆ ಹೋದೆ. ತಂತಿಯ ಮೇಲೆ ಬಿಳಿ ಚೌಕಗಳು ದೂರದಿಂದಲೇ ಕಂಡವು. ಅಕ್ಕನ ತವರು ಈ ಕಡೆ ಎಂದು ಎಂದೋ ಕೇಳಿದ್ದೆ, ಮರೆತಿದ್ದೆ. ಅವರು ನನ್ನನ್ನು ನೋಡಿ ಗುರುತು ಹಿಡಿದರು, ಒಳಕ್ಕೆ ಹೋಗಿ ತಟ್ಟೆಯಲ್ಲಿ ಎರಡು ಇಡ್ಲಿ ಹಾಕಿ ತಂದು ಜಗಲಿಯ ಮೇಲಿಟ್ಟರು. ಬಾಗಿಲ ಮೇಲೆ ಬೋರ್ಡ್ ಇರಲಿಲ್ಲ. ನನ್ನ ಬಾಯಿ ಸುಮ್ಮನಿರಲಿಲ್ಲ. ಬರೆಯುವವನು ಗೊತ್ತಿದ್ದಾನೆ, ಕಡಿಮೆಗೆ ಮಾಡಿಸಿಕೊಡುತ್ತೇನೆ ಅಂದೆ.

“ಹೆಸ್ರು ಬ್ಯಾಡ ಅಂತ ಅವತ್ತೇ ಅಂದಿದ್ದೆ ಕಣಪ್ಪ,” ಅಂದರು. ಆಮೇಲೆ ದನಿ ತಗ್ಗಿಸಿ, “ಸಭೇಲಿ ನನ್ ಹೋಟ್ಲ್ ವಿಷ್ಯ ಏನಾರ ಅಂದ್ಯಾ? ಇಲ್ಲಿ ಯಾರ್ಗೂ ಗೊತ್ತಿಲ್ಲ.”

ಇಲ್ಲವೆಂದು ತಲೆಯಾಡಿಸಿದೆ. ಏನೂ ಅಂದಿರಲಿಲ್ಲ.

ಅಷ್ಟರಲ್ಲಿ ಸಂಘದ ಆ ಹೆಂಗಸು ಡಬ್ಬ ಹಿಡಿದು ಬಂದಳು. ಜಗಲಿಯ ಮೇಲೆ ತಟ್ಟೆ ಹಿಡಿದು ಕೂತ ನನ್ನನ್ನೂ, ಬಾಗಿಲಲ್ಲಿ ನಿಂತ ಅಕ್ಕನನ್ನೂ ನೋಡಿದಳು. ಫೋನು ಇನ್ನೂ ಅವಳ ಕೈಯಲ್ಲೇ ಇತ್ತು.

“ಅಕ್ಕನ್ನ ಮುಂಚೆ ಗೊತ್ತಾ ಸಾರ್ ನಿಮ್ಗೆ?”

“ಇಲ್ಲ,” ಅಂದೆ. “ಇವತ್ತೇ ನೋಡಿದ್ದು.”